ಜಟ್ಟು ಬಿಟ್ಟ ದಣಪೆ

ಬೊಮ್ಮನ ಮಗ ಸುಕ್ರ, ಸುಕ್ರನ ಮಗ ಸೋಮ, ಸೋಮನ ಮಗ ಜಟ್ಟು. ಬೊಮ್ಮ ಸಣ್ಣಗಜನಿಗೆ ಬಂದಾಗ ಅಲ್ಲಿ ಗದ್ದೆಯೆಂಬುದೇ ಇರಲಿಲ್ಲ. ಉಬ್ಬರಕ್ಕೆ ಏರಿ ಇಳಿತಕ್ಕೆ ಇಳಿಯುವ ಉಪ್ಪುನೀರಿನ ಕೆಸರು, ಅಷ್ಟೇ. ಅವನು ತಲೆಯ ಮೇಲೆ ಮಣ್ಣು ಹೊತ್ತು ಕಟ್ಟೆ ಹಾಕಿ ಸಮುದ್ರದ ಬಾಯಿಂದ ಗದ್ದೆ ಕಿತ್ತುಕೊಂಡ. ಉಪ್ಪು ತಾಳುವ ಕಗ್ಗ ಭತ್ತ ಬಿತ್ತಿ, ಮೊದಲ ಕೊಯ್ಲಿನ ಅಕ್ಕಿಯನ್ನು ಕೇರಿಗೆಲ್ಲ ಹಂಚಿ, ತಾನು ಆ ವರ್ಷ ಗೆಣಸು ತಿಂದ. ಸುಕ್ರ ಕರನಿರಾಕರಣೆಯ ಕಾಲದವನು. ಜಪ್ತಿಗೆ ಬರುತ್ತಾರೆಂದು ಸುದ್ದಿ ಹುಟ್ಟಿದ ದಿನವೇ ಕೇರಿಯ ದನಗಳನ್ನೆಲ್ಲ ಹಿಲ್ಲೂರಿನ ಕಾಡಿಗೆ ಹೊಡೆದುಕೊಂಡು ಹೋಗಿ ಮಳೆಗಾಲವಿಡೀ ಅಲ್ಲೇ ಕಾದ. ವಾಪಸು ಬಂದಾಗ ಹಿಂಡಿನಲ್ಲಿ ಕರುಗಳು ಹೆಚ್ಚಿದ್ದವು, ಸುಕ್ರನ ಮೈಯಲ್ಲಿ ಮಾಂಸ ಕಡಿಮೆಯಾಗಿತ್ತು.

ಸೋಮನದು ಅಂಥ ಹೇಳಿಕೊಳ್ಳುವ ಸಾಹಸವಲ್ಲ. ಒಂದು ಬೇಸಿಗೆ ಕೇರಿಯ ಕೊನೆಯ ಮನೆಗೆ ಬೆಂಕಿ ಬಿದ್ದು ತೆಂಗಿನ ಮಡಲಿನ ಮಾಡು ಸುಟ್ಟು ಬೂದಿಯಾಯಿತು. ಆ ಮನೆಯವರು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಮಾವಿನ ಮರದ ಬುಡದಲ್ಲಿ ಕೂತಿದ್ದರು. ಸೋಮ ಹೋಗಿ ತನ್ನ ಹಿತ್ತಲಿನ ಅರ್ಧಕ್ಕೆ ಹಗ್ಗ ಎಳೆದು ತೋರಿಸಿ, ಇಲ್ಲಿ ಕಟ್ಟಿಕೊಳ್ಳಿ ಎಂದ. ಆ ಮನೆಯಲ್ಲಿ ಮುಂದೆ ಹುಟ್ಟಿದವನೇ ಹೊನ್ನ. ಎರಡು ಹಿತ್ತಲ ನಡುವೆ ಬೇಲಿ ಬಂತು, ಬೇಲಿಯ ನಡುವೆ ದಣಪೆ ಬಂತು. ಆಳು ದಾಟುವಷ್ಟು ಜಾಗ ಬಿಟ್ಟು, ದನ ನುಗ್ಗದಂತೆ ಅಡ್ಡಕ್ಕೆ ಬಿದಿರ ಗಳು ಸರಿಸಿಡುತ್ತಾರಲ್ಲ, ಅದು. ಸೋಮನ ಹೆಂಡತಿ ದುರ್ಗಿ ಮೀನುಸಾರು ಕುದಿಯಲು ಇಟ್ಟು ಆಮೇಲೆ ಹುಳಿಗೆ ಹಾಕುವ ಮುರುಗಲು ನೆನಪಾಗಿ ದಣಪೆ ದಾಟುತ್ತಿದ್ದಳು. ಆಚೆಯವರು ಕೆಂಡ ಕೇಳಲು ಈಚೆಗೆ ದಾಟುತ್ತಿದ್ದರು. ನಾಲ್ಕು ದಿನಕ್ಕೆ ಗಳುಗಳು ಬೇಲಿಯ ಬುಡಕ್ಕೆ ಬಿದ್ದವು. ಮತ್ತೆ ಯಾರೂ ಅವನ್ನು ಎತ್ತಿ ಇಡಲಿಲ್ಲ.

ಜಟ್ಟುವಿಗೆ ಗದ್ದೆಗಿಂತ ಕಲ್ಲು ಒಲಿಯಿತು. ಬೆಳಂಬಾರದಲ್ಲಿ ಒಬ್ಬ ಹಳೆಯ ಗೌಂಡಿಯ ಕೈಕೆಳಗೆ ಚಿರೆಕಲ್ಲು ಕೆತ್ತಲು ಕಲಿತ. ದಾರ ಹಿಡಿದು ಗೋಡೆ ಎಬ್ಬಿಸಿದನೆಂದರೆ ಅದರ ಮೇಲೆ ನೀರು ಹೊಯ್ದರೂ ಯಾವ ಬದಿಗೂ ಓಡುತ್ತಿರಲಿಲ್ಲ. ಮಾತು ಕಡಿಮೆ. ಹೆಂಡತಿ ಚಂಪಾ ಇದ್ದಷ್ಟು ದಿನ ಅವನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಊರು ಏಳುವ ಹಿಂದಿನ ವರ್ಷ ಅವಳು ಜ್ವರದಲ್ಲಿ ಹೋದಳು. ಮಗಳು ಉಮಾ ಆಗಲೇ ಮದುವೆಯಾಗಿ ರಾಮನಗುಳಿಗೆ ಹೋಗಿದ್ದಳು. ಚಂಪಾ ಸತ್ತ ಮೇಲೆ ಜಟ್ಟುವಿನ ಒಲೆ ಸರಿಯಾಗಿ ಉರಿಯಲೇ ಇಲ್ಲ. ಹೊನ್ನನ ಹೆಂಡತಿ ಗಂಗೂ ದಿನಾ ಸಂಜೆ ದಣಪೆಯಿಂದ ಗಂಜಿಯ ತಪ್ಪಲೆ ತಂದಿಟ್ಟು ಹೋಗುವಳು. ಬೆಳಿಗ್ಗೆ ಅವನು ತೊಳೆದು ಅವಳ ಜಗಲಿಯ ಮೇಲೆ ಇಟ್ಟು ಬರುವನು. ಬೇಕು ಎಂದು ಅವನು ಕೇಳಿರಲಿಲ್ಲ, ಕೊಡುತ್ತೇನೆ ಎಂದು ಅವಳು ಹೇಳಿರಲಿಲ್ಲ.

ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ನಮ್ಮ ಬದಿಯ ಊರುಗಳು ಎದ್ದವು, ಅದರಲ್ಲಿ ಸಣ್ಣಗಜನಿಯೂ ಎದ್ದಿತು. ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ನಮಗೆಲ್ಲ ಅಂಕೋಲೆಯ ಹೊರಗೆ ಹೆದ್ದಾರಿಯ ಮಗ್ಗುಲಿನ ಒಂದು ಬೋಳು ಹುಲ್ಲುಬೇಣದಲ್ಲಿ ಸೈಟು ಮಾಡಿಟ್ಟಿದ್ದರು. ಈಗ ಅಲ್ಲಿ ಹೋದವರಿಗೆ ಮಾಳಿಗೆ ಮನೆ, ಗೇಟು, ಗೇಟಿನ ಹಿಂದೆ ಕಾರು ಕಾಣುತ್ತದೆ. ಆಗ ಕೆಂಪು ಜಂಬಿಟ್ಟಿಗೆ ನೆಲ, ನಂಬರು ಬರೆದ ಗುರುತಿನ ಕಲ್ಲು, ನಡುವೆ ಎಲ್ಲಿಗೂ ಹೋಗದ ರಸ್ತೆಗಳು. ನೆರಳಿಗೆ ಒಂದು ಗೇರುಮರ. ಅದರ ಕೆಳಗೆ ಕೂರಲು ನಾವು ದೊಡ್ಡವರೇ ಜಗಳ ಆಡಿದ್ದೇವೆ. ಸಾಕಿದ ಬೆಕ್ಕುಗಳನ್ನು ಚೀಲದಲ್ಲಿ ತುಂಬಿ ತಂದಿದ್ದೆವು, ಒಂದೂ ಉಳಿಯಲಿಲ್ಲ. ಸಮುದ್ರದ ಸದ್ದಿಲ್ಲದೆ ಮುದುಕರಿಗೆ ನಿದ್ದೆ ಹತ್ತಲಿಲ್ಲ. ಲಾರಿಗಳ ಸದ್ದಿಗೆ ಹೊಂದಿಕೊಳ್ಳಿ ಎಂದರು ಕಿರಿಯರು.

ಸೈಟು ಹಂಚಿದ್ದು ಚೀಟಿ ಎತ್ತಿ. ಕೊಡಪಾನಕ್ಕೆ ಕೈ ಹಾಕಿ ಜಟ್ಟು ಎತ್ತಿದ ಚೀಟಿಗೆ ಹೆದ್ದಾರಿಯ ಎದುರಿನ ಮೂಲೆಯ ಸೈಟು ಬಂತು. ಅಂಗಡಿ ಹಾಕಲು ಅಂಥದ್ದು ಇನ್ನೊಂದಿಲ್ಲ. ಹೊನ್ನನಿಗೆ ಹಿಂದೆ, ಗುಡ್ಡದ ಬುಡದ ಕೊನೆಯ ಸಾಲಿನಲ್ಲಿ ಬಂತು. ಹೊನ್ನನ ಪಕ್ಕದ ಸೈಟು ರಾಮನಾಥನದು. ಅವನು ಬಸ್ ಡಿಪೋದಲ್ಲಿ ಗುಮಾಸ್ತ. ಜಟ್ಟು ಅಲ್ಲೇ, ಎಲ್ಲರ ಎದುರಿಗೆ, ಅವನ ಬಳಿಗೆ ಹೋಗಿ ಅದಲು ಬದಲು ಮಾಡಿಕೊಳ್ಳುವ ಎಂದ. ರಾಮನಾಥ ಇವನು ಕುಡಿದಿದ್ದಾನೋ ಎಂದು ಮುಖ ನೋಡಿದ.

"ಜಟ್ಟು, ಮತ್ತೊಂದ್ಸಲ ವಿಚಾರ ಮಾಡು. ನಾಳೆ ನನ್ನ ಬೈಬೇಡ. ರಸ್ತೆ ಎದುರಿನ ಜಾಗ ಅದು."

"ರಸ್ತೆ ನಂಗೆ ಗಂಜಿ ಕೊಡ್ತದ್ಯಾ?"

ಅಷ್ಟೇ ಮಾತು. ರಾಮನಾಥ ಮರುದಿನವೇ ಕಾಗದಪತ್ರ ಮಾಡಿಸಿದ, ಜಟ್ಟುವಿಗೆ ಬುದ್ಧಿ ಬಂದೀತೆಂಬ ಹೆದರಿಕೆಯಿಂದ. ಹೊನ್ನ ಅಂದು ಸಂಜೆ ಜಟ್ಟುವಿನ ಹೆಗಲ ಮೇಲೆ ಕೈ ಹಾಕಿ ಕಾಲನಿಯ ಉದ್ದಕ್ಕೂ ನಡೆದಾಡಿದ್ದನ್ನು ನಾನೇ ನೋಡಿದ್ದೇನೆ. ಇಬ್ಬರೂ ಐವತ್ತರ ಹತ್ತಿರದವರು. ನಡೆಯುವ ರೀತಿ ಮಾತ್ರ ಶಾಲೆ ತಪ್ಪಿಸಿ ಹೊರಟ ಹುಡುಗರದ್ದು.

ಆಮೇಲೆ ಶುರುವಾಯಿತು ಪಾಗಾರದ ಹುಚ್ಚು. ಸಣ್ಣಗಜನಿಯಲ್ಲಿ ಯಾರ ಮನೆಯ ಸುತ್ತಲೂ ಪಾಗಾರದ ಗೋಡೆ ಇರಲಿಲ್ಲ. ಕಲ್ಲಿನ ಆವರಣ ಇದ್ದದ್ದು ದೇವರಿಗೆ ಮಾತ್ರ. ಇಲ್ಲಿ ಬಂದದ್ದೇ ಪಕ್ಕದವನು ಗುರುತಿನ ಕಲ್ಲು ಸರಿಸಿಯಾನೆಂದು ಎಲ್ಲರಿಗೂ ಹೆದರಿಕೆ. ಮನೆಗೆ ಪಾಯ ತೋಡುವ ಮೊದಲೇ ಸುತ್ತ ಪಾಗಾರ ಎಬ್ಬಿಸಿದರು. ಒಳಗೆ ಗುಡಿಸಲು, ಹೊರಗೆ ಕೋಟೆ. ಅದನ್ನೆಲ್ಲ ಕಟ್ಟಿದವನು ಜಟ್ಟುವೇ. ನನ್ನ ಮನೆಯದ್ದೂ ಅವನದೇ ಕೈ. ಒಂದೊಂದು ಪಾಗಾರ ಮುಗಿದ ಹಾಗೆ ಒಂದೊಂದು ಮನೆಯ ಮಾತು ನಿಂತಿತು. ಯಾರ ಮನೆಯಲ್ಲಿ ಏನು ಸಾರು ಎಂದು ಮೂಗು ಹೇಳುತ್ತಿತ್ತು, ಅದಕ್ಕಿಂತ ಹೆಚ್ಚು ಯಾರಿಗೂ ತಿಳಿಯುತ್ತಿರಲಿಲ್ಲ.

ಕೊನೆಗೆ ಜಟ್ಟು ತನ್ನದನ್ನು ಕಟ್ಟಿದ. ಮೂರು ಬದಿ ಪೂರ್ತಿ. ಹೊನ್ನನ ಬದಿಯಲ್ಲಿ ಮಾತ್ರ ನಟ್ಟನಡುವೆ ಒಬ್ಬಾಳು ತಲೆಯ ಮೇಲೆ ಹೊರೆ ಹೊತ್ತು ದಾಟುವಷ್ಟು ಜಾಗ ಬಿಟ್ಟ. ಎರಡೂ ತುದಿಗಳನ್ನು ಕೆತ್ತಿ ನುಣುಪು ಮಾಡಿದ, ದಾಟುವವರ ಮೈ ತರಚಬಾರದೆಂದು. ಕೆಳಗೆ ಚಪ್ಪಟೆ ಕಲ್ಲೊಂದನ್ನು ಮೆಟ್ಟಿಲ ಹಾಗೆ ಕೂರಿಸಿದ. ಚಿರೆಕಲ್ಲಿನ ಪಾಗಾರಕ್ಕೆ ದಣಪೆ ಬಿಟ್ಟವನು ನಮ್ಮ ಸೀಮೆಯಲ್ಲಿ ಅವನೊಬ್ಬನೇ ಇರಬೇಕು.

ಹೊನ್ನನೂ ಮನೆಗೆ ಕೈ ಹಾಕಿದ. ಜಟ್ಟುವೇ ಪಂಚಾಂಗ ಕಟ್ಟಿಕೊಟ್ಟ. ಗೋಡೆ ಏಳುವ ಮುಂಚೆ ಕಟ್ಟುವ ಕಲ್ಲಿನ ಕೆಳಗಟ್ಟೆಗೆ ನಮ್ಮಲ್ಲಿ ಹಾಗೆ ಹೇಳುತ್ತಾರೆ. ಅಷ್ಟಾಗುವಾಗ ಹಿಲ್ಲೂರಿನಿಂದ ಸುದ್ದಿ ಬಂತು. ಗಂಗೂನ ಅಣ್ಣ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ, ಅವನ ಗದ್ದೆ ನೋಡುವವರಿರಲಿಲ್ಲ. ಒಂದು ಬೆಳೆ ತೆಗೆದುಕೊಟ್ಟು ಬರುತ್ತೇವೆ ಎಂದು ಹೊನ್ನ ಹೆಂಡತಿಯನ್ನು ಕರೆದುಕೊಂಡು ಬಸ್ಸು ಹತ್ತಿದ. ಗಂಗೂ ತಪ್ಪಲೆಯನ್ನು ಜಟ್ಟುವಿನ ಕೈಗೆ ಕೊಟ್ಟು, ಇಟ್ಟುಕೊಂಡಿರಿ, ಬಂದು ತಕೊಳ್ಳುತ್ತೇನೆ ಎಂದಳು.

ಒಂದು ಬೆಳೆ ಹೋಯಿತು, ಎರಡು ಹೋಯಿತು. ಬರಿಯ ಪಂಚಾಂಗದ ಮೇಲೆ ಮಳೆ ಹೊಯ್ದು ಪಾಚಿ ಹತ್ತಿತು. ಜಟ್ಟು ದೀಪಾವಳಿಯ ಮುಂಚೆ ಅದನ್ನು ಉಜ್ಜಿ ತೊಳೆಯುವನು, ಸಂದಿಯಲ್ಲಿ ಎದ್ದ ಗಿಡ ಕಿತ್ತು ಬಿಸಾಡುವನು, ದನ ಹತ್ತಿದರೆ ಓಡಿಸುವನು. ಕೆಲಸ ಮುಗಿಸಿ ಬಂದು ತಾನೇ ಬೇಯಿಸಿದ ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿಕೊಂಡು ದಣಪೆ ದಾಟಿ ಹೊನ್ನನ ಪಂಚಾಂಗದ ಮೇಲೆ ಕೂತು ಉಣ್ಣುವನು. ಅಲ್ಲಿ ಒಳಮನೆ, ಇಲ್ಲಿ ಜಗಲಿ ಎಂದು ಅವನಿಗೆ ಗೊತ್ತಿತ್ತು. ಅವನು ಕೂರುವುದು ಜಗಲಿ ಬರಬೇಕಾದಲ್ಲಿ.

ಕಾಲನಿಯ ಬಾಯಲ್ಲಿರುವ ಚಾ ಅಂಗಡಿಯಲ್ಲಿ ಅವನು ಒಂದು ತಮಾಷೆಯಾದ. ಹೊನ್ನನ ವಾಚ್‌ಮನ್ ಬಂದ, ಜಾಗ ಬಿಡಿ ಎನ್ನುವರು. ಬೀಡಾಡಿ ದನಗಳು ದಣಪೆಯಿಂದ ನುಗ್ಗಿ ಅವನ ಬಸಳೆ ಚಪ್ಪರ ಎಳೆದು ತಿಂದಾಗಲೆಲ್ಲ ಯಾರಾದರೂ ಮುಚ್ಚಿಬಿಡು ಮಾರಾಯ ಎನ್ನದೆ ಇರುತ್ತಿರಲಿಲ್ಲ. ಅವನು ಚಾ ಆರಿಸಿಕೊಳ್ಳುವನು. ರಾಮನಾಥ ಅಷ್ಟರಲ್ಲಿ ಮೂಲೆಯ ಸೈಟಿನಲ್ಲಿ ಎರಡು ಅಂಗಡಿ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಹೊಟ್ಟೆ ತುಂಬಿದವನ ತಮಾಷೆ ಅವನದು.

"ಹೊನ್ನ ಪಂಚಾಂಗ ಕಟ್ಟಿ ಇಟ್ಟಿದ್ದಾನಲ್ಲ, ಅದರಲ್ಲಿ ಒಂದು ಒಳ್ಳೆ ದಿನ ಹುಡುಕಿ ಹೇಳೋ ಜಟ್ಟು, ಅವ ಬರೂದಕ್ಕೆ."

ಎಲ್ಲರೂ ನಕ್ಕರು. ಜಟ್ಟುವೂ ನಕ್ಕ. ಅವನು ಎಲ್ಲರಿಗಿಂತ ತುಸು ಹೆಚ್ಚು ಹೊತ್ತು ನಕ್ಕದ್ದು ನನಗೆ ಸರಿ ಕಾಣಲಿಲ್ಲ.

ಉಮಾ ಬಂದು ರಾಮನಗುಳಿಗೆ ಕರೆದಳು. ಅಲ್ಲೇ ಇರು ಅಪ್ಪಾ, ಇಲ್ಲಿ ಯಾರಿದ್ದಾರೆ ಎಂದಳು. ಮಗಳ ಮನಸ್ಸು ಮುರಿಯಬಾರದೆಂದು ಹೋದ. ವಾರ ತುಂಬುವ ಮೊದಲೇ ವಾಪಸು. ಹೊನ್ನ ಬಂದು, ತನ್ನ ಬಾಗಿಲು ಹಾಕಿದ್ದು ಕಂಡರೆ ತಿರುಗಿ ಹೋಗಿಬಿಟ್ಟಾನೆಂದು ಅವನಿಗೆ ಅಲ್ಲಿ ಊಟ ಸೇರಲಿಲ್ಲವಂತೆ. ಕಾಲನಿಗೆ ಆಗ ಕರೆಂಟು ಬಂದಿತ್ತು, ನಳ ಬಂದಿತ್ತು. ಸಂಜೆಯಾದರೆ ಪಾಗಾರಗಳ ಮೇಲೆ ಟೀವಿಯ ನೀಲಿ ಬೆಳಕು ಕುಣಿಯುತ್ತಿತ್ತು. ಕೊನೆಯ ಸಾಲಿನಲ್ಲಿ ಮನೆಯೆಂದು ಇದ್ದದ್ದು ಜಟ್ಟುವಿನದೊಂದೇ. ಉಳಿದ ಸೈಟುಗಳಲ್ಲಿ ಲಂಟಾನ ಬೆಳೆದು, ಅಲ್ಲಿ ಒಬ್ಬ ಮನುಷ್ಯ ಇದ್ದಾನೆಂಬುದನ್ನು ಅವನ ಒಲೆಯ ಹೊಗೆಯಿಂದ ತಿಳಿಯಬೇಕಿತ್ತು. ಹೊಗೆ ಕಾಣದ ದಿನ ಅವನು ಬೆಳಂಬಾರದ ಕಡೆ ಕೆಲಸಕ್ಕೆ ಹೋಗಿದ್ದಾನೆಂದು ನಾವು ಎಣಿಸುತ್ತಿದ್ದೆವು. ಜ್ವರ ಬಂದು ಮಲಗಿದ್ದರೂ ಹಾಗೆಯೇ ಎಣಿಸುತ್ತಿದ್ದೆವು.

ಒಂದು ಚಳಿಗಾಲ ಅವನೇ ಹಿಲ್ಲೂರಿಗೆ ಹೊರಟ. ಬಂಗಡೆಯ ಒಣಮೀನನ್ನು ಬಾಳೆ ಎಲೆಯಲ್ಲಿ ಸುತ್ತಿ, ಅದರ ಮೇಲೆ ಕಾಗದ ಸುತ್ತಿ, ಬಿಳಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ. ಅಲ್ಲಿ ನಡೆದದ್ದನ್ನು ಗಂಗೂ ನನಗೆ ಎಷ್ಟೋ ಕಾಲದ ಮೇಲೆ ಒಂದು ಮದುವೆಯ ಚಪ್ಪರದಲ್ಲಿ ಹೇಳಿದಳು. ಜಟ್ಟುವಿನ ಬಾಯಿಂದ ಹೊರಟದ್ದಲ್ಲ.

ಹೊನ್ನ ಅವನನ್ನು ಕಂಡು ಓಡಿ ಬಂದು ಕೈ ಹಿಡಿದುಕೊಂಡ. ಕೋಳಿ ಕೊಯ್ದರು. ಗಂಗೂನ ಅಣ್ಣ ಎದ್ದು ಓಡಾಡುತ್ತಿದ್ದನಾದರೂ ಬಗ್ಗಿ ಕೆಲಸ ಮಾಡಲಾರ. ಗದ್ದೆಯೆಲ್ಲ ಹೊನ್ನನ ಕೈಯಲ್ಲೇ ಇತ್ತು. ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುವಾಗ ಪಕ್ಕದ ಮನೆಯ ಹೆಂಗಸು ಬೇಲಿಯ ದಣಪೆ ದಾಟಿ ಬಂದಳು. ಯಾರನ್ನೂ ಕೇಳದೆ ಸೀದಾ ಒಳಗೆ ಹೋಗಿ, ಒಂದು ಬಟ್ಟಲಲ್ಲಿ ಏನನ್ನೋ ಇಟ್ಟು, ಇನ್ನೊಂದು ಬಟ್ಟಲಲ್ಲಿ ಏನನ್ನೋ ತಕೊಂಡು ಅದೇ ದಾರಿಯಲ್ಲಿ ಹೋದಳು. ಅವಳ ಹಿಂದೆ ಮಕ್ಕಳು ಹೋದರು, ಬಂದರು. ದಣಪೆಯಲ್ಲಿ ಹುಲ್ಲು ಸತ್ತು ನೆಲ ತಗ್ಗಾಗಿ, ನಡೆದು ನಡೆದು ಮಣ್ಣು ಒಲೆಕಟ್ಟೆಯಷ್ಟು ನುಣುಪಾಗಿತ್ತು. ಜಟ್ಟು ಆ ತಗ್ಗನ್ನೇ ನೋಡುತ್ತ ಕೂತ. ಗಂಗೂ ಅದನ್ನು ಒಳಗಿನಿಂದ ಕಂಡಳಂತೆ.

ಬಸ್ಸಿನ ಹೊತ್ತಿಗೆ ಅವನು ಕೇಳಿದ, ತಲೆ ಎತ್ತದೆಯೇ.

"ಎಂತ ಹೊನ್ನ, ಬತ್ಯಾ?"

"ಬತ್ತೆ ಜಟ್ಟಣ್ಣ, ಬರದೆ ಎಲ್ಲೋತೆ? ಈ ಸಲದ ಕೊಯ್ಲು ಒಂದು ಆಗ್ಲಿ."

ಗಂಗೂ ಬಾಗಿಲ ಮರೆಯಿಂದ ಅಂದಳು, "ಅಣ್ಣಾ, ತಪ್ಪಲೆ ನೀವೇ ಇಟ್ಕಣಿ."

ಅವನಿಗೆ ಉತ್ತರ ಅಲ್ಲೇ ಸಿಕ್ಕಿತ್ತು. ಆದರೆ ಚಾ ಅಂಗಡಿಗೆ ಬಂದವನು ಹೊನ್ನ ಕೊಯ್ಲು ಮುಗಿದ ಮೇಲೆ ಬರುತ್ತಾನೆ ಎಂದು ಎಲ್ಲರಿಗೂ ಹೇಳಿದ. ಪಂಚಾಂಗ ತೊಳೆಯುವುದನ್ನು ನಿಲ್ಲಿಸಲಿಲ್ಲ. ಬಟ್ಟಲು ಹಿಡಿದು ದಣಪೆ ದಾಟುವುದನ್ನೂ ನಿಲ್ಲಿಸಲಿಲ್ಲ. ಮನಸ್ಸಿಗೆ ತಿಳಿದದ್ದು ಕಾಲಿಗೆ ತಿಳಿಯಲು ಹೊತ್ತು ಬೇಕಾಗುತ್ತದೆ.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಒಂದು ಭಾನುವಾರ, ಜಟ್ಟು ಮನೆಯ ಹಿಂದೆ ಕಟ್ಟಿಗೆ ಒಡೆಯುವಾಗ, ಹೊನ್ನನ ಪಂಚಾಂಗದ ಮೇಲೆ ಯಾರೋ ಟೇಪು ಹಿಡಿದು ಓಡಾಡುವುದು ಕಂಡಿತು. ಕಾರವಾರದ ಕಡೆಯ ಒಂದು ಶಾಲೆಯ ಮಾಸ್ತರ, ಭರತ ಎಂದು ಹೆಸರು, ಜೊತೆಗೆ ಹೆಂಡತಿ ವಿಜೇತಾ. ಜಟ್ಟು ಕೊಡಲಿ ಅಲ್ಲೇ ಇಟ್ಟು ದಣಪೆಯಲ್ಲಿ ಬಂದು ನಿಂತ. ಇದು ಹೊನ್ನನ ಜಾಗ, ಅವನಿಲ್ಲದೆ ಅಳೆಯಬಾರದು ಎಂದ. ಭರತ ಮಾಸ್ತರರು ಒಳ್ಳೆಯ ಮನುಷ್ಯ. ದನಿ ಎತ್ತಲಿಲ್ಲ.

"ಹೌದಣ್ಣ, ಅವರ ಹತ್ರವೇ ತಗೊಂಡದ್ದು. ಹೋಳಿ ಮುಂಚೆಯೇ ಕಾಗದ ಆಯ್ತು. ನಿಮಗೆ ಹೇಳ್ಲಿಲ್ವಾ ಅವರು?"

ಜಟ್ಟು ಪಾಗಾರದ ಕೆತ್ತಿದ ತುದಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ.

"ಹೇಳಿದ, ಹೇಳಿದ. ನಂಗೇ ಮರ್ತೋಗಿತ್ತು."

ಆ ದಾರಿಯಲ್ಲಿ ಬರುತ್ತಿದ್ದ ನಾನು ಈ ಮಾತನ್ನು ಕಿವಿಯಾರೆ ಕೇಳಿದೆ. ತನಗೆ ಹೇಳದೆ ಮಾರಿದವನ ಮಾನವನ್ನು ಅವನು ನಿಂತ ನಿಲುವಿನಲ್ಲಿ ಉಳಿಸಿದ. ಅವನ ಅಪ್ಪ ಅಜ್ಜಂದಿರ ಕೆಲಸಗಳ ಸಾಲಿನಲ್ಲಿ ಇದನ್ನೂ ಇಡಲು ನನಗೆ ಅಡ್ಡಿಯಿಲ್ಲ.

ಮಾಸ್ತರರು ಊರಲ್ಲಿ ಒಳ್ಳೆಯ ಗೌಂಡಿ ಯಾರು ಎಂದು ವಿಚಾರಿಸಿದರೆ ಎಲ್ಲರೂ ಜಟ್ಟುವಿನ ಹೆಸರನ್ನೇ ಹೇಳಿದರು. ಅವನು ಒಪ್ಪಿಕೊಂಡ. ಅವರ ಮನೆ ದೊಡ್ಡದು, ಹೊನ್ನನ ಪಂಚಾಂಗ ಅದಕ್ಕೆ ಸಾಲದು. ತಾನು ಕಟ್ಟಿದ್ದನ್ನು ತಾನೇ ಹಾರೆ ಹಾಕಿ ಎಬ್ಬಿಸಿದ. ಎದ್ದ ಕಲ್ಲುಗಳಲ್ಲಿ ಒಳ್ಳೆಯದನ್ನು ಆರಿಸಿ ಹೊಸ ಪಾಯಕ್ಕೆ ಹಾಕಿದ. ಅಲ್ಲಿಂದ ಅವನು ಸಂಜೆಯ ಗಂಜಿಯನ್ನು ಒಳಗೆ, ಒಲೆಯ ಮುಂದೆ ಉಣ್ಣಲು ಶುರು ಮಾಡಿದ. ಚಾ ಅಂಗಡಿಯ ತಮಾಷೆ ನಿಂತಿತು. ರಾಮನಾಥ ಒಂದು ದಿನ ಅವನ ಚಾಕ್ಕೆ ತಾನೇ ಹೇಳಿದ, ಜಟ್ಟು ತನ್ನದಕ್ಕೆ ಬೇರೆ ಹೇಳಿಕೊಂಡ.

ಮನೆ ಎದ್ದಿತು, ಮಾಡು ಬಂತು. ಕಡೆಗೆ ಉಳಿದದ್ದು ಪಾಗಾರ. ಜಟ್ಟು ರಸ್ತೆಯ ಬದಿ ಮುಗಿಸಿ, ಹಿಂದಿನ ಬದಿ ಮುಗಿಸಿ, ತನ್ನ ಬದಿಗೆ ಬಂದ. ಅವನ ಪಾಗಾರಕ್ಕೆ ತಾಗಿ ಅವರದ್ದು ಏಳಬೇಕು. ಅವನು ದಾರ ಕಟ್ಟಿದ. ದಾರ ಅವನ ದಣಪೆಯ ಎದುರಿನಿಂದಲೇ ಹಾದು ಹೋಯಿತು. ಒಂದು ವರಸೆ ಕಲ್ಲು ಕೂತಿತು. ನಾನೂ ನೋಡುತ್ತ ಅಲ್ಲೇ ನಿಂತಿದ್ದೆ. ಎರಡನೆಯದಕ್ಕೆ ಗಾರೆ ಹಾಕುವಾಗ ಭರತ ಮಾಸ್ತರರು ಹತ್ತಿರ ಬಂದು ಕೆಮ್ಮಿದರು. ವಿಜೇತಾ ಚಾ ತಂದು ಕಲ್ಲಿನ ಮೇಲಿಟ್ಟು ಗಂಡನ ಪಕ್ಕದಲ್ಲೇ ನಿಂತಳು. ಇಬ್ಬರೂ ಒಳಗೆ ಮಾತಾಡಿಕೊಂಡು ಬಂದವರ ಹಾಗಿದ್ದರು. ಕಾಲನಿಯಲ್ಲಿ ಹೊನ್ನನ ಕಥೆ ಅವರ ಕಿವಿಗೂ ಬಿದ್ದಿತ್ತು. ಮಾಸ್ತರರು ಹೇಳಿದ್ದು ಇಷ್ಟು: ನಿಮ್ಮ ಪಾಗಾರದಲ್ಲಿ ಎಲ್ಲಿ ಜಾಗ ಬಿಟ್ಟಿದ್ದೀರೋ ಅಲ್ಲಿ ನಮ್ಮದರಲ್ಲೂ ಬಿಡಿ. ನೀವು ಒಬ್ಬರೇ ಇರುವವರು, ರಾತ್ರಿ ಹೊತ್ತು ಏನಾದರೂ ಆದರೆ ಕೂಗಿದರೆ ಬರಲು ದಾರಿ ಬೇಕು. ಸಂಜೆ ಗಂಜಿಯನ್ನೂ ಇವಳೇ ಮಾಡಿಕೊಡುತ್ತಾಳೆ, ನಮಗೇನೂ ಭಾರವಲ್ಲ.

ಜಟ್ಟು ಕರಣೆಯನ್ನು ಬಾಂಡ್ಲಿಯ ಅಂಚಿಗೆ ಬಡಿದು ಗಾರೆ ಉದುರಿಸಿದ. ಗುಡ್ಡದ ಬುಡದಲ್ಲಿ ಯಾರದೋ ದನದ ಗಂಟೆ ಕೇಳಿಸುತ್ತಿತ್ತು. ಆಮೇಲೆ ಮಾಸ್ತರರ ಮುಖ ನೋಡಿಯೇ ಹೇಳಿದ. ಅವನ ಬಾಯಿಂದ ಅಷ್ಟು ಉದ್ದದ ಮಾತು ನಾನು ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

"ಬ್ಯಾಡ ಮಾಸ್ತರೆ. ನೀವು ಒಳ್ಳೆ ಮನ್ಸಿಂದ ಕೇಳಿದ್ರಿ, ನಂಗೆ ಗೊತ್ತದೆ. ತಂಗೀ, ನೀನೂ ಬೇಜಾರು ಮಾಡ್ಕಣಬ್ಯಾಡ. ಊರಲ್ಲಿ ನಮ್ಮ ದಣಪೆ ಯಾರೂ ಕೇಳಿ ಕೊಟ್ಟದ್ದಲ್ಲ, ಕಾಲೇ ಮಾಡ್ಕಂಡದ್ದು. ನಾನು ಇಲ್ಲಿ ಕಾಲು ಬರೂಕಿಂತ ಮುಂಚೆ ಬಿಟ್ಟೆ, ಅದು ನಂದೇ ತಪ್ಪು. ಈಗ ನೀವು ಪಾಪ ಅಂತ ಬಿಟ್ರೆ, ನಾನು ದಿನಾ ಆ ಪಾಪ ದಾಟ್ಕಂಡು ಬರ್ಬೇಕು. ನನ್ನ ಗಂಜಿ ನಾನು ಬೇಯಿಸ್ಕಣ್ತೆ. ನಿಮ್ಮ ಪಾಗಾರ ಪೂರ್ತಿ ಕಟ್ತೆ. ನನ್ನದು ಹೆಂಗದೆಯೋ ಹಂಗೇ ಇರ್ಲಿ, ಅದಕ್ಕೂ ಕಲ್ಲು ಬ್ಯಾಡ. ಸ್ವಲ್ಪ ಅತ್ತ ನಿಲ್ಲಿ, ದಾರಕ್ಕೆ ಕಾಲು ತಾಗ್ತದೆ."